ಬಗ್ಗಿ ನೋಡಿದ್ದು

ನಮ್ಮ ಊರಿನಲ್ಲಿ ಪ್ರತಿ ಎರಡು ಮನೆಗಳ ನಡುವಿನ ಗೋಡೆಯಲ್ಲಿ ಒಂದು ಮೀನಿನ ತೊಟ್ಟಿ ಇರುತ್ತದೆ. ಆಚೆಗೊಂದು ಗಾಜು, ಈಚೆಗೊಂದು ಗಾಜು, ನಡುವೆ ನೀರು, ನಾಲ್ಕಾರು ಮೀನು, ಮೇಲೆ ಒಂದು ಟ್ಯೂಬ್‌ಲೈಟ್. ಎರಡೂ ಮನೆಗೆ ಅದೊಂದೇ ದೀಪ. ಆ ಬೆಳಕಿನಲ್ಲಿ ಯಾರಾದರೂ ಗಾಜಿನ ಒಂದೇ ಜಾಗವನ್ನು ಬಹಳ ಹೊತ್ತು ನೋಡಿದರೆ, ಅವರ ಕಣ್ಣಿನ ಎತ್ತರಕ್ಕೆ ಸರಿಯಾಗಿ ಗಾಜಿನ ಒಳಮೈಗೆ ಪಾಚಿ ಕಟ್ಟುತ್ತದೆ. ಮೊದಲು ಸಾಸಿವೆಯಷ್ಟು, ನೋಡುತ್ತಲೇ ಹೋದರೆ ಅವರೆಕಾಳಿನಷ್ಟು, ಆಮೇಲೆ ಅಂಗಿಯ ಗುಂಡಿಯಷ್ಟು. ಗಾಜಿಗೆ ಕಣ್ಣು ಬಿತ್ತು ಎನ್ನುತ್ತೇವೆ. ಕತ್ತಲಲ್ಲಿ ನೋಡಿದರೆ ಬೀಳುವುದಿಲ್ಲ, ಆದರೆ ಕತ್ತಲಲ್ಲಿ ನೋಡಿ ಸಿಗುವುದಾದರೂ ಏನು?

ಹದಿನಾಲ್ಕು ವರ್ಷ ಊರಿನ ಗಾಜುಗಳನ್ನು ತಪಾಸಣೆ ಮಾಡುವ ಕೆಲಸ ನನ್ನದಾಗಿತ್ತು. ಕಚೇರಿಯಿಂದ ನನಗೆ ಒಂದು ಹಿತ್ತಾಳೆಯ ಅಳತೆಕೋಲು, ಒಂದು ಭೂತಗನ್ನಡಿ, ಒಂದು ಪ್ರಖರವಾದ ಬಿಳಿ ಕೈದೀಪ ಕೊಟ್ಟಿದ್ದರು. ವರ್ಷಕ್ಕೊಮ್ಮೆ ಎಲ್ಲ ಮನೆಗೂ ಹೋಗುವುದು, ದೂರು ಬಂದರೆ ಮತ್ತೆ ಹೋಗುವುದು. ನಾನಿಲ್ಲದೆ ಯಾರೂ ಗಾಜು ಒರೆಸುವಂತಿಲ್ಲ, ಪಾಚಿ ತಿನ್ನುವ ಜಾತಿಯ ಮೀನು ಸಾಕುವಂತಿಲ್ಲ, ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದೀಪ ಉರಿಸುವಂತಿಲ್ಲ. ಕೆಲವರು ಹಗಲಿಡೀ ದೀಪ ಉರಿಸಿ ಗಾಜನ್ನೆಲ್ಲ ಹಸಿರು ಮಾಡಿಬಿಡುತ್ತಾರೆ, ಅದರೊಳಗೆ ಯಾರ ಕಣ್ಣು ಎಲ್ಲಿ ಬಿದ್ದಿದೆ ಎಂದು ತಿಳಿಯಬಾರದಲ್ಲ, ಅದಕ್ಕೆ. ಅಂಥ ಮನೆಯನ್ನು ನಾವು ನಂಬುವುದಿಲ್ಲ. ಗಾಜು ತೀರಾ ಚೊಕ್ಕವಾಗಿದ್ದರೆ ಆ ಮನೆಯನ್ನೂ ನಂಬುವುದಿಲ್ಲ.

ನಿಯಮ ಮಾತ್ರ ಸರಳ. ಕೂತು ನೋಡಿದ್ದು ತಪ್ಪಲ್ಲ, ಮನುಷ್ಯ ಕೂತಲ್ಲಿಂದ ಎಲ್ಲಾದರೂ ನೋಡಲೇಬೇಕು. ನಿಂತು ನೋಡಿದ್ದೂ ತಪ್ಪಲ್ಲ. ಬಗ್ಗಿ ನೋಡಿದ್ದು ತಪ್ಪು. ಪಕ್ಕದ ಮನೆಯಲ್ಲಿ ಏನೋ ನೋಡಬೇಕೆಂಬ ಆಸೆ ಇಲ್ಲದೆ ಯಾರೂ ಸೊಂಟ ಬಗ್ಗಿಸುವುದಿಲ್ಲ. ಆದ್ದರಿಂದ ಮನೆಯವರ ಕೂತ ಎತ್ತರ, ನಿಂತ ಎತ್ತರ ಅಳೆದು, ಪಾಚಿ ಅವೆರಡಕ್ಕೂ ಸೇರದೆ ನಡುವೆ ಕಟ್ಟಿದ್ದರೆ ಗೋಡೆ ಮುಚ್ಚಬೇಕು. ತೊಟ್ಟಿ ಕಿತ್ತು ಆ ಜಾಗಕ್ಕೆ ಇಟ್ಟಿಗೆ ಕಟ್ಟಿಬಿಡುತ್ತಾರೆ. ನನ್ನ ಅವಧಿಯಲ್ಲಿ ಹನ್ನೊಂದು ಗೋಡೆ ಮುಚ್ಚಿದ್ದವು. ಹನ್ನೊಂದನ್ನೂ ನಾನು ಮೂರು ಮೂರು ಸಲ ನೋಡಿಯೇ ಬರೆದಿದ್ದೆ. ಒಂದು ಸಲ ನೋಡಿ ಸಹಿ ಮಾಡುವ ಧೈರ್ಯ ನನಗೆ ಯಾವತ್ತೂ ಬಂದಿಲ್ಲ.

ದೇವೀರಮ್ಮನ ದೂರು ಬಂದದ್ದು ವರ್ಷದ ತಪಾಸಣೆ ಮುಗಿದು ಐದು ವಾರವಾದ ಮೇಲೆ. ದೇವೀರಮ್ಮ ನಿವೃತ್ತ ಕಾಂಪೌಂಡರ್ ಪುಟ್ಟರಾಚಯ್ಯನ ಹೆಂಡತಿ. ಅವರ ಗೋಡೆಯ ಆಚೆ ಮಗ್ಗುಲಲ್ಲಿ ಅಂಬೂಬಾಯಿ ಎಂಬ ಹೆಂಗಸು ಒಬ್ಬಳೇ ಇದ್ದಳು. ವಯಸ್ಸು ನಲವತ್ತರ ಆಚೀಚೆ. ದರ್ಜಿಗಳ ಅಂಗಡಿಗಳಿಂದ ಹೊಲಿದ ಅಂಗಿಗಳನ್ನು ತಂದು ಕಾಜಾ ಹಾಕಿ, ಗುಂಡಿ ಕಟ್ಟಿ ಕೊಡುವುದು ಅವಳ ಕಸುಬು.

"ನೋಡಿ ಕೆಂಚಪ್ಪನವ್ರೇ, ಆ ಕಡೆ ಗಾಜಲ್ಲಿ ಕಣ್ಣು ಬಿದ್ದದೆ. ಇಲ್ಲಿಂದಾನೇ ಕಾಣ್ತದೆ ನಂಗೆ," ಎಂದಳು ದೇವೀರಮ್ಮ. "ಇವ್ರು ಬನೀನಲ್ಲಿ ಕೂತು ಪೇಪರ್ ಓದ್ತಾರೆ. ಅದನ್ನ ನೋಡೋಕೆ ಅವಳಿಗೇನಂತೆ ಅಷ್ಟು ಅರ್ಜೆಂಟು?"

"ನನ್ನ ಬನೀನಲ್ಲಿ ನೋಡೋ ಅಂಥದ್ದೇನಿದೆ ಮಾರಾಯ್ತಿ, ತೂತು ಬಿಟ್ರೆ," ಎಂದ ಪುಟ್ಟರಾಚಯ್ಯ ಪೇಪರಿನ ಹಿಂದಿನಿಂದ.

"ನೀವು ಸುಮ್ನಿರಿ. ನಿಮಗೆ ಯಾರಾದ್ರೂ ನೋಡಿದ್ರೆ ಖುಷೀನೇ."

ನಾನು ಸುತ್ತಿಕೊಂಡು ಅಂಬೂಬಾಯಿಯ ಬಾಗಿಲಿಗೆ ಹೋದೆ. ಅವಳದು ಒಂದೇ ಕೋಣೆ, ಕಿಟಕಿಯಿಲ್ಲ. ತೊಟ್ಟಿಯ ದೀಪವೇ ಅವಳ ಹಗಲು. ಕಾಜಾ ಕೆಲಸ ಬಲು ಸೂಕ್ಷ್ಮ. ಬಿಳಿ ಬಟ್ಟೆಗೆ ಬಿಳಿ ನೂಲು, ಒಂದು ಎಳೆ ಓರೆಯಾದರೂ ದರ್ಜಿ ಅಂಗಿಯನ್ನು ಮುಖಕ್ಕೆಸೆಯುತ್ತಾನೆ. ಬೇರೆ ದೀಪ ಹಾಕಿಸಿಕೊಳ್ಳೋಣವೆಂದರೆ ಬಾಡಿಗೆ ಮನೆ, ಆ ಕೋಣೆಗೆ ತಂತಿ ಎಳೆಯಲು ಮಾಲೀಕ ಒಪ್ಪುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ದೀಪ ಹತ್ತಿದಾಗ ಸೂಜಿ ಹಿಡಿದರೆ ಸಂಜೆ ನಾಲ್ಕಕ್ಕೆ ಆರಿದಾಗ ಕೆಳಗಿಡುತ್ತಿದ್ದಳು. ಗೋಡೆ ಮುಚ್ಚಿದರೆ ಅವಳ ಕಸುಬೂ ಮುಚ್ಚಿದಂತೆಯೇ. ಇದು ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದರಿಂದಲೇ ಹೆಚ್ಚು ಬಿಗಿಯಾಗಿರಬೇಕು ಎಂದುಕೊಂಡೆ. ಕನಿಕರದಿಂದ ಅಳತೆ ತಪ್ಪಬಾರದಲ್ಲ.

ಪಾಚಿ ಇತ್ತು. ರಾಗಿಕಾಳಿನಷ್ಟು, ಗಟ್ಟಿಯಾಗಿ ಅಂಟಿಕೊಂಡ ಹಸಿರು ಚುಕ್ಕೆ. ನೆಲದಿಂದ ನಾಲ್ಕು ಅಡಿ. ಅಂಬೂಬಾಯಿ ಕೂತಾಗ ಅವಳ ಕಣ್ಣು ಮೂರು ಅಡಿ ಐದು ಅಂಗುಲ, ನಿಂತಾಗ ನಾಲ್ಕು ಅಡಿ ಏಳು ಅಂಗುಲ. ಎರಡಕ್ಕೂ ಸೇರದು.

ಅವಳು ಪಾರಾಗಲು ಒಂದು ದಾರಿ ಇತ್ತು. ದೀಪದ ಬೆಳಕಲ್ಲಿ ಗಾಜು ಕನ್ನಡಿಯಂತೆ ಹೊಳೆಯುತ್ತದೆ. ಹೆಂಗಸರು ಬಗ್ಗಿ ಬೈತಲೆ ತಿದ್ದುತ್ತಾರೆ, ಗಂಡಸರು ಮೀಸೆ ನೋಡಿಕೊಳ್ಳುತ್ತಾರೆ. ತಾನು ನಿಂತ ಮನೆಯೊಳಗಿನದನ್ನೇ ಗಾಜಿನಲ್ಲಿ ನೋಡಿದರೆ ಅದು ಕನ್ನಡಿ ನೋಟ, ಗೋಡೆಗೆ ದೋಷವಿಲ್ಲ.

"ತಲೆ ಬಾಚ್ಕೊಳ್ಳೋಕೆ ಏನಾದ್ರೂ ಬಗ್ಗಿದ್ರಾ?" ಎಂದೆ.

"ಇಲ್ಲ. ನನ್ನ ಹತ್ರ ಕನ್ನಡಿ ಇದೆ."

"ಕುಂಕುಮ ಗಿಂಕುಮ?"

"ಕೆಂಚಪ್ಪನವ್ರೇ, ನೀವು ಹೇಳ್ಕೊಡೋದು, ನಾನು ಹೂಂ ಅನ್ನೋದು. ನಾಳೆ ಅದನ್ನೂ ನೀವೇ ಅನುಮಾನ ಪಡ್ತೀರಿ. ನಾನು ಬಗ್ಗಿಲ್ಲ. ಬಗ್ಗಿದ್ರೆ ಬಗ್ಗಿದೆ ಅಂತೀನಿ."

ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ. ತಪ್ಪು ಮಾಡದವರು ಹೀಗೆ ಖಡಾಖಂಡಿತವಾಗಿ ಮಾತಾಡುತ್ತಾರೆಯೇ? ನನಗೆ ಗೊತ್ತಾಗಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಹೋದೆ. ಚುಕ್ಕೆ ಹೆಸರುಕಾಳಿನಷ್ಟಾಗಿತ್ತು. ದೂರು ಆಗಿದೆ ಎಂದು ತಿಳಿದ ಮೇಲೂ ನೋಡುತ್ತಿದ್ದಾಳೆ! ಸಿಟ್ಟೇ ಬಂತು. ಬಿಳಿ ದೀಪ ಹಿಡಿದು, ಭೂತಗನ್ನಡಿ ಹಿಡಿದು ಅಂಚಿನಿಂದ ಅಂಚಿಗೆ ಪರೀಕ್ಷಿಸಿದೆ. ನಾಲ್ಕನೇ ದಿನ ಹೋದೆ, ಆರನೇ ದಿನ ಹೋದೆ. ಅವರೆಕಾಳಿನಷ್ಟಾಯಿತು.

"ಒಂದ್ ಮಾತು ಹೇಳ್ಲಾ?" ಎಂದಳು ಅಂಬೂಬಾಯಿ ಆರನೇ ದಿನ. "ನೀವು ಬಂದು ಹೋದ ಮಾರನೇ ದಿನಾನೇ ಇದು ದೊಡ್ಡದಾಗೋದು."

"ಅಂದ್ರೆ?"

"ಅಂದ್ರೆ ಏನಿಲ್ಲ. ಕಂಡದ್ದು ಹೇಳ್ದೆ."

ದಾರಿಯಲ್ಲಿ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ. ತಪಾಸಣೆ ನಿಂತರೆ ಸಾಕೆಂದು ಹೇಳುತ್ತಿದ್ದಾಳೆ, ಅಧಿಕಾರಿಯ ಮೇಲೆ ಹಾಕಿ ತಪ್ಪಿಸಿಕೊಳ್ಳುವ ಹುನ್ನಾರ ಎನ್ನಿಸಿತು. ಮನೆಗೆ ಬಂದು ವರದಿಯಲ್ಲಿ 'ನಿವಾಸಿಯ ನಡವಳಿಕೆ ಸಂಶಯಾಸ್ಪದ' ಎಂದು ಬರೆದೆ. ಬರೆದು ಸಂಶಯಾಸ್ಪದ ಎಂಬ ಪದದ ಕಾಗುಣಿತವನ್ನು ನಿಘಂಟಿನಲ್ಲಿ ನೋಡಿದೆ. ಸರಿಯಾಗಿತ್ತು.

ಎಂಟನೇ ದಿನ ವರದಿ ಊರಿನ ಗೋಡೆಗಳ ತೀರ್ಮಾನ ಮಾಡುವ ಯಜಮಾನ ಹಾಲಪ್ಪನವರ ಕೈಗೆ ಹೋಯಿತು. ಗುರುವಾರ ಬೆಳಿಗ್ಗೆ ಗೋಡೆ ಮುಚ್ಚುವುದೆಂದು ತೀರ್ಮಾನವಾಯಿತು. ಮಂಗಳವಾರವೇ ಅಂಬೂಬಾಯಿಯ ಬಾಗಿಲ ಮುಂದೆ ಇಟ್ಟಿಗೆ ಬಂದು ಬಿತ್ತು.

ಬುಧವಾರ ಸಂಜೆ ಶಾಲೆಗೆ ಹೋದೆ. ನಾನು ಏಳನೇ ತರಗತಿಗೇ ಓದು ಬಿಟ್ಟವನು, ನಲವತ್ತು ದಾಟಿದ ಮೇಲೆ ಸಂಜೆ ತರಗತಿಗೆ ಸೇರಿದ್ದೆ. ವಿಜ್ಞಾನಕ್ಕೆ ಬರುತ್ತಿದ್ದವರು ಪ್ರಫುಲ್ಲಾ ಟೀಚರ್, ಬೇರೆ ಊರಿನವರು. ಬೇರೆ ಊರಿನವರು ಎಂಬ ಕಾರಣಕ್ಕೆ ನನಗೆ ಅವರ ಮೇಲೂ ಒಂದು ಕಣ್ಣಿತ್ತು. ಅವತ್ತು ಅವರು ಬೋರ್ಡಿನ ಮೇಲೆ ಒಂದು ಮೀನಿನ ತೊಟ್ಟಿ ಬರೆದು, ಮೇಲೊಂದು ದೀಪ ಬರೆದರು.

"ಪಾಚಿಗೆ ಬೆಳಕೇ ಊಟ. ಹೆಚ್ಚು ಹೊತ್ತು ದೀಪ ಉರಿದ್ರೆ ಹೆಚ್ಚು ಪಾಚಿ. ಬಾಗಿಲಿಂದ ಬಿಸಿಲು ನೇರವಾಗಿ ಬಿದ್ರಂತೂ ಕೇಳೋದೇ ಬೇಡ," ಎಂದರು.

ದಿನಸಿ ಅಂಗಡಿಯ ರೇವಣ್ಣ ಕೈಯೆತ್ತಿದ. "ಟೀಚರೇ, ನಮ್ಮತ್ತೆ ಕಣ್ಣು ಯಾವ ಟ್ಯೂಬಿಗೂ ಕಮ್ಮಿ ಇಲ್ಲ."

ಎಲ್ಲರೂ ನಕ್ಕರು. ಟೀಚರೂ ನಕ್ಕರು. "ಇರ್ಲಿ, ನಿಮ್ಮೂರಿನ ಕಣ್ಣಿನ ವಿಷಯ ನನಗೆ ಗೊತ್ತಿಲ್ಲ. ಆದ್ರೆ ನೋಡೋದಕ್ಕೂ ಬೆಳಕು ಬೇಕಲ್ವಾ? ಆ ಬೆಳಕು ಎಂಥದು ಅಂತ ಪಾಚೀನೇ ಹೇಳುತ್ತೆ. ಹಳೇ ಟ್ಯೂಬಿನ ಮಂಕು ಹಳದಿ ಬೆಳಕಿಗೆ ಕಂದು ಪಾಚಿ ಬರುತ್ತೆ, ಬೆರಳಲ್ಲಿ ಒರೆಸಿದ್ರೆ ಹೋಗುತ್ತೆ. ಪ್ರಖರವಾದ ಬಿಳಿ ಬೆಳಕಿಗೆ ಹಸಿರು ಚುಕ್ಕೆ. ಅದು ಗಟ್ಟಿ, ಬ್ಲೇಡಲ್ಲಿ ಕೆರೀಬೇಕು."

ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. 'ಗಟ್ಟಿ, ಬ್ಲೇಡಲ್ಲಿ' ಎಂದು ಬರೆಯುವಾಗ ಪೆನ್ನು ನಿಂತಿತು. ಅಂಬೂಬಾಯಿಯ ತೊಟ್ಟಿಯ ಟ್ಯೂಬು ಮೂರು ವರ್ಷ ಹಳೆಯದು, ತುದಿಗಳು ಕಪ್ಪಾಗಿ ಬೆಲ್ಲದ ಬಣ್ಣದ ಬೆಳಕು ಕೊಡುತ್ತಿತ್ತು. ಆ ತೊಟ್ಟಿಯ ಕಲ್ಲು, ಕೊಳವೆ, ಮೂಲೆ ಎಲ್ಲ ಕಂದು. ನಾನೇ ವರದಿಯಲ್ಲಿ ಬರೆದಿದ್ದೆ. ಹಸಿರು ಇದ್ದದ್ದು ಆ ಒಂದು ಚುಕ್ಕೆ ಮಾತ್ರ.

ಆ ಕೋಣೆಗೆ ಬಿಳಿ ಬೆಳಕು ತಂದವರು ಯಾರು?

ತರಗತಿ ಮುಗಿಯುವವರೆಗೂ ಕೂತಿದ್ದೆ, ಆದರೆ ಏನೂ ಕೇಳಿಸಲಿಲ್ಲ. ಪಕ್ಕದಲ್ಲಿ ರೇವಣ್ಣ, "ಯಾಕ್ರೀ ಬೆವರ್ತಿದೀರಾ, ನಮ್ಮತ್ತೆ ನೋಡಿದ್ಲಾ?" ಎಂದ. ಮನೆಗೆ ಹೋಗಿ ಊಟ ಮಾಡಲಾಗಲಿಲ್ಲ. ಟೀಚರ್ ಹೇಳಿದ್ದು ಸುಳ್ಳಿರಬಹುದು ಎಂದುಕೊಂಡೆ. ಹೊರಗಿನವರು, ನನ್ನ ಕೆಲಸ ತೆಗೆಸಲು ಯಾರೋ ಹೇಳಿಕೊಟ್ಟಿರಬಹುದು ಎಂದೂ ಅಂದುಕೊಂಡೆ. ಆ ಯೋಚನೆಗೆ ನಾಚಿಕೆಯಾಯಿತು. ಅಷ್ಟಾದರೂ ಅದನ್ನು ಪೂರ್ತಿ ಬಿಡಲಿಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೆ, ದೀಪ ಹತ್ತುವ ಹೊತ್ತಿಗೆ ಅಂಬೂಬಾಯಿಯ ಮನೆಯಲ್ಲಿದ್ದೆ. ಯಜಮಾನರು ಬರುವುದು ಹತ್ತಕ್ಕೆ. ಅವಳು ಆಗಲೇ ಸೂಜಿ ಹಿಡಿದಿದ್ದಳು. ಮಗ್ಗುಲಲ್ಲಿ ಅಂಗಿಗಳ ರಾಶಿ, ಎಲ್ಲವನ್ನೂ ಹತ್ತರೊಳಗೆ ಮುಗಿಸುತ್ತೇನೆ ಎನ್ನುವಂತೆ.

"ಕಡೇ ಸಲ ಅಳೀಬೇಕಾ?" ಎಂದಳು.

"ಹೂಂ. ಆದ್ರೆ ನನ್ನನ್ನ," ಎಂದೆ.

ಅವಳು ಸೂಜಿ ಹಿಡಿದಂತೆಯೇ ನನ್ನ ಕಡೆ ನೋಡಿದಳು. ನಾನು ದಿನಾ ಮಾಡುವಂತೆ ಗಾಜಿನ ಮುಂದೆ ಕಾಲು ಅಗಲಿಸಿ ನಿಂತು, ಎಡಗೈಯಲ್ಲಿ ದೀಪ ಹಿಡಿದು ಬಗ್ಗಿದೆ. ಅವಳು ಎದ್ದು ಬಂದು ಕತ್ತಿಗೆ ಹಾಕಿಕೊಂಡಿದ್ದ ಅಳತೆ ಪಟ್ಟಿಯನ್ನು ನನ್ನ ಕಣ್ಣಿನ ಅಂಚಿಗೆ ಹಿಡಿದು ನೆಲದವರೆಗೆ ಇಳಿಬಿಟ್ಟಳು. ಇನ್ನೊಬ್ಬರು ನನ್ನನ್ನು ಅಳೆಯುವಾಗ ಉಸಿರು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

"ನಲವತ್ತೆಂಟು ಅಂಗುಲ," ಎಂದಳು. ಆಮೇಲೆ ಮೆಲ್ಲಗೆ, "ನಾಲ್ಕು ಅಡಿ."

ಇನ್ನೊಮ್ಮೆ ಅಳೆಯಿರಿ ಎಂದೆ. ಅಳೆದಳು. ನಾಲ್ಕು ಅಡಿಯೇ.

"ನಾನು ಅವತ್ತೇ ಹೇಳ್ದೆ," ಎಂದಳು. ಅವಳ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. "ಈಗ ಇಟ್ಟಿಗೆ ವಾಪಸ್ ಹೋಗುತ್ತಾ?"

ನನಗೆ ಅದೂ ಹೊಳೆದಿರಲಿಲ್ಲ. ನಿಯಮ ಯಾರ ನೋಟ ಎಂದು ಕೇಳುತ್ತದೆ, ಆದರೆ ಗೋಡೆ ಮುಚ್ಚುವುದು ನೋಟಕ್ಕಾಗಿ, ಜನಕ್ಕಾಗಿ ಅಲ್ಲ. ಪಕ್ಕದ ಮನೆಯ ಕಡೆ ಯಾರೇ ಬಗ್ಗಿ ನೋಡಿದ್ದರೂ ಗೋಡೆ ಮುಚ್ಚಲೇಬೇಕು. ನಾನು ತಪ್ಪು ಒಪ್ಪಿಕೊಂಡರೆ ಅವಳ ಹೆಸರು ಉಳಿಯುತ್ತದೆ, ಬೆಳಕು ಉಳಿಯುವುದಿಲ್ಲ.

"ನೀವು ಏನು ನೋಡ್ತಿದ್ರಿ?" ಎಂದಳು.

"ಪಾಚಿ."

"ಪಾಚಿ ಬಂದ್ ಮೇಲೆ ಪಾಚಿ. ಬರೋಕೆ ಮುಂಚೆ?"

ದೂರಿಗೆ ಐದು ವಾರ ಮುಂಚೆ ಮಾಡಿದ ವರ್ಷದ ತಪಾಸಣೆ ನೆನಪಾಯಿತು. ಗಾಜು ಶುಭ್ರವಾಗಿತ್ತು. ಎರಡು ನಿಮಿಷದ ಕೆಲಸ. ಆದರೂ ನಾನು ಬಗ್ಗಿಕೊಂಡೇ ಇದ್ದೆ. ಪುಟ್ಟರಾಚಯ್ಯನ ಮನೆಯಲ್ಲಿ ಅವತ್ತು ಯಾರೂ ಇರಲಿಲ್ಲ, ಬಾಗಿಲು ಕಿಟಕಿ ಮುಚ್ಚಿತ್ತು, ಹಳೇ ಟ್ಯೂಬಿನ ಮಂಕು ಬೆಳಕು ಬಿಟ್ಟರೆ ಆಚೆ ಬರೀ ಕತ್ತಲು. ಆಚೆ ಕತ್ತಲಾಗಿ ಈಚೆ ಬಿಳಿ ದೀಪ ಇದ್ದರೆ ಗಾಜಿನಲ್ಲಿ ಕಾಣುವುದು ಈಚೆಯದೇ. ನನ್ನ ಬೆನ್ನ ಹಿಂದೆ ಕೂತು ಅವಳು ಕಾಜಾ ಹಾಕುತ್ತಿದ್ದಳು. ಸೂಜಿ ಚುಚ್ಚಿ, ನೂಲಿನ ಕುಣಿಕೆಯೊಳಗೆ ತೂರಿಸಿ, ಬೆರಳ ತುದಿಯಲ್ಲಿ ಗಂಟನ್ನು ಅಂಚಿಗೆ ತಂದು ಕೂರಿಸುತ್ತಿದ್ದಳು. ಒಂದು ಹೊಲಿಗೆ ಇನ್ನೊಂದಕ್ಕೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಒಮ್ಮೆಯೂ ಬಿಚ್ಚಿ ನೋಡಲಿಲ್ಲ, ಅಳೆಯಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ಆಮೇಲೆ ಬಂದ ದಿನಗಳಲ್ಲೂ ಪಾಚಿಯ ಮೇಲೆ ಕಣ್ಣಿಟ್ಟಿದ್ದೆನೋ ಪಾಚಿಯ ಪಕ್ಕದಲ್ಲೋ, ಈಗ ಆಣೆ ಮಾಡಿ ಹೇಳಲಾರೆ. ಒಂದೊಂದು ಸಲ ದೂರನ್ನು ಸಾಬೀತು ಮಾಡುವ ನೆವದಲ್ಲಿ ಬರುತ್ತಿದ್ದೆನೇನೋ ಎಂಬ ಅನುಮಾನವೂ ಬಂತು. ಬೇರೆಯವರ ಮೇಲೆ ಹದಿನಾಲ್ಕು ವರ್ಷ ಪಟ್ಟ ಅನುಮಾನವನ್ನು ನನ್ನ ಮೇಲೆ ಒಂದು ದಿನವೂ ಪಟ್ಟಿರಲಿಲ್ಲ.

ಅವಳು ಉತ್ತರಕ್ಕೆ ಕಾಯದೆ ಅಂಗಿಗಳ ರಾಶಿಗೆ ಮರಳಿದಳು. ಹತ್ತಕ್ಕೆ ಹೊರಗೆ ಗಾಡಿ ನಿಂತ ಸದ್ದಾಯಿತು.

ಹಾಲಪ್ಪನವರು, ಇಬ್ಬರು ಗಾರೆಯವರು, ದೇವೀರಮ್ಮ, ಪುಟ್ಟರಾಚಯ್ಯ, ಬೀದಿಯ ಅರ್ಧ ಜನ ಒಳಗೆ ನುಗ್ಗಿದರು. ಕೋಣೆ ಸಾಲದೆ ಕೆಲವರು ಬಾಗಿಲಲ್ಲಿ ನಿಂತರು. ನಾನು ಹಳೆಯ ವರದಿ ತಪ್ಪು ಎಂದೆ, ಆ ನೋಟ ನನ್ನದು ಎಂದೆ. ಚುಕ್ಕೆಯ ಹಸಿರು ತೋರಿಸಿದೆ, ಕಲ್ಲಿನ ಕಂದು ತೋರಿಸಿದೆ, ನನ್ನ ಬಿಳಿ ದೀಪ ತೋರಿಸಿದೆ, ಬಗ್ಗಿ ಅಳತೆ ಕೊಟ್ಟೆ.

ಹಾಲಪ್ಪನವರು ನಂಬಲಿಲ್ಲ. "ಕೆಂಚಪ್ಪ, ಈ ಯಮ್ಮನ ತಪ್ಪು ನೀನ್ಯಾಕೆ ತಲೆ ಮೇಲೆ ಹೊತ್ಕೊಳ್ತಿದೀಯ? ಏನ್ ಕೊಟ್ಳು?"

"ಏನೂ ಇಲ್ಲ."

"ಹಂಗಾದ್ರೆ ಇನ್ನೂ ಅನುಮಾನ," ಎಂದಳು ದೇವೀರಮ್ಮ.

"ಒಬ್ಬ ತಪ್ಪು ಒಪ್ಕೊಂಡ್ರೂ ಕಷ್ಟಾನೇ ನಿಮಗೆ," ಎಂದ ಪುಟ್ಟರಾಚಯ್ಯ. "ಬಣ್ಣ ನೋಡು ಹಾಲಪ್ಪ. ಔಷಧಿ ಸೀಸೆ ನೋಡಿ ನೋಡಿ ನಂಗೆ ಬಣ್ಣ ಗೊತ್ತು. ಅದೂ ಇದೂ ಒಂದೇ ತೊಟ್ಟಿ, ಒಂದೇ ಬೆಳಕಿಗೆ ಬಂದದ್ದಲ್ಲ."

ಹಾಲಪ್ಪನವರು ಬಗ್ಗಿ ನೋಡಲು ಹೋಗಿ, ನೆನಪಾಗಿ ಥಟ್ಟನೆ ನೆಟ್ಟಗಾದರು. ಬಾಗಿಲಲ್ಲಿ ಯಾರೋ ನಕ್ಕರು. "ಆಯ್ತಪ್ಪ," ಎಂದು ಹೊಸ ನಮೂನೆಯ ಹಾಳೆ ನನ್ನ ಕೈಗಿತ್ತರು. "ಬರಿ. ಯಾರ ನೋಟ, ಏನನ್ನ ನೋಡಿದ್ದು, ಎರಡೂ ಬರಿ. ಪಕ್ಕದ ಮನೆ ಅಂತ ಬರೆದ್ರೆ ಗಾರೆ ಕಲಸ್ತಾರೆ. ಏನು ಬರೆದ್ರೂ ನಿನ್ನ ಮಾತ್ರ ಕೆಲಸ ಬಿಡಿಸಿ ಮನೆಗೆ ಕಳಿಸ್ತೀನಿ."

ಯಾರ ನೋಟ ಎಂಬಲ್ಲಿ ನನ್ನ ಹೆಸರು ಬರೆದೆ. ಅದೇನೂ ಕಷ್ಟವಾಗಲಿಲ್ಲ. ಏನನ್ನು ನೋಡಿದ್ದು ಎಂಬಲ್ಲಿ ಪೆನ್ನು ಹಿಡಿದು ನಿಂತೆ. ಮೀಸೆ ಎಂದು ಬರೆದರೆ ಸಾಕು, ಗೋಡೆ ಉಳಿಯುತ್ತಿತ್ತು. ಆದರೆ ನನಗೆ ಮೀಸೆ ಇಲ್ಲ. ಮುಖ ಎಂದು ಬರೆಯಬಹುದಿತ್ತು. ಅಂಬೂಬಾಯಿ ನನ್ನನ್ನೇ ನೋಡುತ್ತಿದ್ದಳು. ನಾನು ಹೇಳಿಕೊಟ್ಟ ಸುಳ್ಳನ್ನು ಬೇಡವೆಂದು, ತನ್ನ ಬೆಳಕು ಹೋಗುವುದಾದರೂ ಹೋಗಲಿ ಎಂದು ಕೂತಿದ್ದವಳು. ಅವಳೆದುರು ಸುಳ್ಳು ಬರೆಯಲು ಕೈ ಬರಲಿಲ್ಲ. ನಿಜ ಬರೆದರೆ ಬೀದಿ ನಾಳೆಯಿಂದ ಏನು ಮಾತಾಡುತ್ತದೆಂದೂ ಗೊತ್ತಿತ್ತು. ಅದು ನನಗಿಂತ ಅವಳಿಗೆ ಹೆಚ್ಚು ತಟ್ಟುತ್ತದೆ. ನಾನು ಅವಳ ಕಡೆ ತಿರುಗಿ, "ನಿಮಗೆ ತೊಂದ್ರೆ ಆಗಬಹುದು," ಎಂದೆ.

"ಇಟ್ಟಿಗೆಗಿಂತ ತೊಂದ್ರೇನಾ?" ಎಂದಳು. "ಇದ್ದದ್ದು ಬರೀರಿ."

ಬರೆದೆ. ಹಾಲಪ್ಪನವರು ಅದನ್ನು ಕಸಿದುಕೊಂಡು, ಎಲ್ಲರಿಗೂ ಕೇಳುವಂತೆ ಓದಿದರು: "ಗಾಜಿನಲ್ಲಿ ಕಂಡ, ನನ್ನ ಹಿಂದೆ ಕೂತು ಕಾಜಾ ಹಾಕುತ್ತಿದ್ದ ಇವರ ಕೈಗಳನ್ನು."

ಯಾರೂ ನಗಲಿಲ್ಲ. ನಗುತ್ತಾರೆಂದು ಕಾದಿದ್ದೆ. ಗಾರೆಯವನೊಬ್ಬ ತನ್ನ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ದೇವೀರಮ್ಮ ಅಂಬೂಬಾಯಿಯ ಕೈಗಳನ್ನು ನೋಡಿದಳು. ಹತ್ತು ವರ್ಷ ನೆರೆಮನೆಯಲ್ಲಿದ್ದರೂ ಅವನ್ನು ಮೊದಲ ಸಲ ನೋಡುತ್ತಿದ್ದಂತಿತ್ತು.

"ಕನ್ನಡಿ ನೋಟ," ಎಂದರು ಹಾಲಪ್ಪನವರು ಕೊನೆಗೆ, ಒಲ್ಲದ ಮನಸ್ಸಿನಿಂದ. "ಗೋಡೆಗೆ ದೋಷ ಇಲ್ಲ. ಆದ್ರೆ ಕೆಂಚಪ್ಪ, ನೀನು ಮುಚ್ಚಿಸಿದ ಹನ್ನೊಂದು ಗೋಡೆ ಕತೆ ಏನು?"

"ಎಲ್ಲಾನೂ ಒಡೆದು ನೋಡ್ಬೇಕು," ಎಂದೆ. "ನಾನು ಅಲ್ಲೂ ಮೂರು ಮೂರು ಸಲ ಹೋಗಿದ್ದೆ."

ಅವರು ಕೈಚಾಚಿದರು. ಕೋಲು, ದೀಪ, ಭೂತಗನ್ನಡಿ ಮೂರನ್ನೂ ಕೊಟ್ಟೆ. ಗಾರೆಯವರು ಗೊಣಗುತ್ತ ಇಟ್ಟಿಗೆಗಳನ್ನು ಮತ್ತೆ ಗಾಡಿಗೆ ತುಂಬಿದರು. ಹೋಗುವಾಗ ದೇವೀರಮ್ಮ ಬಾಗಿಲಲ್ಲಿ ನಿಂತು, "ನಾನಂತೂ ನಂಬಲ್ಲ," ಎಂದಳು. ಯಾವುದನ್ನು ಎಂದು ಹೇಳಲಿಲ್ಲ.

ಎಲ್ಲರೂ ಹೋದ ಮೇಲೂ ನಾನು ನಿಂತೇ ಇದ್ದೆ. ಅಂಬೂಬಾಯಿ ಆಗಲೇ ಕೂತು ಅರ್ಧಕ್ಕೆ ಬಿಟ್ಟಿದ್ದ ಕಾಜಾ ಹಿಡಿದಿದ್ದಳು. ದೀಪ ಆರುವವರೆಗೆ ಅವಳಿಗೆ ಇನ್ನೂ ಐದೂವರೆ ಗಂಟೆ ಇತ್ತು. ಕ್ಷಮೆ ಕೇಳಬೇಕೆಂದಿದ್ದೆ. ಕೇಳುವ ಮಾತನ್ನು ಮನಸ್ಸಿನಲ್ಲೇ ಮೂರು ಥರ ಜೋಡಿಸಿದೆ, ಮೂರೂ ಸರಿ ಕಾಣಲಿಲ್ಲ.

"ಕೈ ಮಾತ್ರಾನಾ?" ಎಂದಳು ತಲೆಯೆತ್ತದೆ.

"ಕೈ ಮಾತ್ರ." ಆಮೇಲೆ, "ಹಾಗಂದ್ಕೊಂಡಿದೀನಿ," ಎಂದೆ.

ಅವಳು ನೂಲು ಎಳೆದು ಗಂಟನ್ನು ಅಂಚಿಗೆ ಕೂರಿಸಿದಳು. ನಾನು ನೆಲ ನೋಡಿದೆ.

"ಹೋಗ್ತಾ ಬಾಗಿಲು ಎಳ್ಕೊಂಡು ಹೋಗಿ," ಎಂದಳು. "ತೊಟ್ಟಿಗೆ ಬಿಸಿಲು ಬೀಳ್ತಿದೆ."

ಎಳೆದುಕೊಂಡೆ. ಪೂರ್ತಿ ಮುಚ್ಚಿತೋ ಇಲ್ಲವೋ ಎಂದು ಇನ್ನೊಮ್ಮೆ ತಳ್ಳಿ ನೋಡಬೇಕೆನ್ನಿಸಿತು. ನೋಡಲಿಲ್ಲ.